ಏಲಿಯಮ್ಮನವರ ದೋಣಿಗೆ ಬ್ಯಾಟರಿ ಕೂರಿಸಿದ್ದು

ನಾನು ನನ್ನ ಬ್ಯಾಟರಿ ಅಂಗಡಿ ಮುಚ್ಚಿದ ಎರಡು ತಿಂಗಳಿಗೆ ಬಾಳಗಡಿಯ ಕಾಲೇಜೊಂದರಿಂದ ಸುಮಾ ಮೇಡಂ ಫೋನ್ ಮಾಡಿದರು. ಅವರು ಅಲ್ಲಿ ಎಲೆಕ್ಟ್ರಿಕಲ್ ಪಾಠ ಮಾಡುವವರು. "ಹಮೀದ್ ಸಾಬ್ರೆ, ನಮ್ಮ ಮಕ್ಕಳು ಇನ್ನೇನು ಕೆಲಸಕ್ಕೆ ಸೇರುವವರು. ಬ್ಯಾಟರಿ ಕೆಲಸ ನಿಜವಾಗಿ ಹೇಗಿರ್ತದೆ ಅಂತ ಬಂದು ಒಂದು ಗಂಟೆ ಹೇಳಿ" ಎಂದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದೆ. ಮೈಕು ಕೈಗೆ ಬಂದದ್ದೇ ತಡ, ನಲವತ್ತು ವರ್ಷದ ಕೆಲಸವೆಲ್ಲ ತಲೆಯಿಂದ ಖಾಲಿಯಾಯಿತು. "ಆಸಿಡ್ ಹತ್ತಿರ ಹುಷಾರು, ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ" ಎಂದು ಅದನ್ನೇ ಎರಡು ಸಲ ಹೇಳಿ ಕೂತುಬಿಟ್ಟೆ. ಮಕ್ಕಳು ಚಪ್ಪಾಳೆ ತಟ್ಟಿದರು. ಪಾಪ, ಬೇಗ ಮುಗಿಯಿತಲ್ಲ ಎಂಬ ಸಂತೋಷಕ್ಕಿರಬೇಕು.

ಊರಿಗೆ ಮರಳಲು ನರಸಿಂಹರಾಜಪುರದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ ಮೇಲೆ ಒಂದೊಂದೇ ನೆನಪಾಗತೊಡಗಿತು. ಅಲ್ಲಿ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೆಲಸ ಕಲಿತದ್ದು ಕೊಪ್ಪದಲ್ಲಿ, ಗೋಪಾಲಾಚಾರ್ರ ಬಳಿ. ಅವರ ವರ್ಕ್‌ಶಾಪ್ ಎಂದರೆ ತಗಡಿನ ಮಾಡು, ಸಿಮೆಂಟಿನ ಒಂದು ತೊಟ್ಟಿ, ಗೋಡೆಯುದ್ದಕ್ಕೂ ಸಾಲಾಗಿ ಚಾರ್ಜಿಗೆ ಕೂತ ಬ್ಯಾಟರಿಗಳು. ಆಗ ಬ್ಯಾಟರಿ ಹಾಳಾದರೆ ಯಾರೂ ಎಸೆಯುತ್ತಿರಲಿಲ್ಲ. ಮುಚ್ಚಳಕ್ಕೆ ಮೆತ್ತಿದ ಡಾಂಬರನ್ನು ಕಾಯಿಸಿ ಬಿಡಿಸಿ, ಒಳಗಿನ ಸೀಸದ ಪ್ಲೇಟುಗಳನ್ನು ಎತ್ತಿ ತೆಗೆದು, ಸತ್ತದ್ದನ್ನು ಬದಲಿಸಿ ಮತ್ತೆ ಮುಚ್ಚುತ್ತಿದ್ದೆವು. ಕಾದ ಡಾಂಬರಿನ ವಾಸನೆ ಈಗಲೂ ಎಲ್ಲಾದರೂ ರಸ್ತೆ ಕೆಲಸದ ಹತ್ತಿರ ಮೂಗಿಗೆ ಬಡಿದರೆ ನಾನು ಒಂದು ಗಳಿಗೆ ನಿಲ್ಲುತ್ತೇನೆ. ಬ್ಯಾಟರಿಗೆ ಹಾಕುವ ಶುದ್ಧ ನೀರು ಅಂಗಡಿಯಲ್ಲಿ ಸಿಗುತ್ತಿದ್ದದ್ದು ಅಪರೂಪ. ಆಷಾಢದಲ್ಲಿ ಆಚಾರ್ರು ಬಯಲಿನ ನಡುವೆ ನಾಲ್ಕು ಕೋಲು ನೆಟ್ಟು, ಬಿಳಿ ಬಟ್ಟೆ ಬಿಗಿದು, ನಡುವೆ ಒಂದು ಕಲ್ಲಿಟ್ಟು, ಅದರಿಂದ ಸೋರಿದ ಮಳೆನೀರನ್ನು ಗಾಜಿನ ಜಾಡಿಗಳಲ್ಲಿ ತುಂಬಿಸಿಡುತ್ತಿದ್ದರು. ಬೇಸಿಗೆಯವರೆಗೆ ನಮಗೆ ಅದೇ ನೀರು. ತಗಡಿನ ತುಕ್ಕು ಸೇರಿದ ಸೂರಿನ ನೀರು ಹಿಡಿಯುವ ಹಾಗಿರಲಿಲ್ಲ.

ಆಚಾರ್ರು ಮಾತು ಕಡಿಮೆ. ತಪ್ಪು ಮಾಡಿದರೆ "ಎಂತ ಮಾರಾಯ" ಎಂದಷ್ಟೇ ಹೇಳಿ ನಮ್ಮ ಕೈಯಿಂದ ಸ್ಪ್ಯಾನರ್ ತೆಗೆದುಕೊಳ್ಳುವರು. ಅದು ಹೊಡೆತಕ್ಕಿಂತ ಜಾಸ್ತಿ ನೋಯುತ್ತಿತ್ತು.

ಎರಡನೆಯ ವರ್ಷ ನಾನು ಮಾಡಿದ ತಪ್ಪಿಗೆ ಅವರು ಅಷ್ಟೂ ಹೇಳಲಿಲ್ಲ. ಚಾರ್ಜಿನಲ್ಲಿರುವ ಬ್ಯಾಟರಿಯಿಂದ ಗ್ಯಾಸು ಏಳುತ್ತದೆ, ಕಿಡಿ ತಾಗಿದರೆ ಅದು ಹೊತ್ತುತ್ತದೆ. ಆದ್ದರಿಂದ ಮೊದಲು ಸ್ವಿಚ್ ಆರಿಸಬೇಕು, ಆಮೇಲೆ ಕ್ಲಿಪ್ ತೆಗೆಯಬೇಕು. ಇದು ನನಗೆ ಗೊತ್ತಿರಲಿಲ್ಲ ಎಂದಲ್ಲ, ಚೆನ್ನಾಗಿ ಗೊತ್ತಿತ್ತು. ಹೊರಗೆ ಜೀಪಿನವನು ಹಾರ್ನ್ ಹೊಡೆಯುತ್ತಿದ್ದ. ಅವಸರದಲ್ಲಿ ಸ್ವಿಚ್ ಆರಿಸದೆ ಕ್ಲಿಪ್ ಕಿತ್ತೆ. ಢಬ್ ಎಂದು ಬ್ಯಾಟರಿಯ ಮುಚ್ಚಳ ಮಾಡಿಗೆ ಹಾರಿತು. ನನಗೇನೂ ಆಗಲಿಲ್ಲ. ಪಕ್ಕದಲ್ಲಿ ಬಗ್ಗಿದ್ದ ಆಚಾರ್ರ ಮುಖಕ್ಕೆ ಆಸಿಡ್ ಎರಚಿತ್ತು.

ಅವರು ನೇರ ತೊಟ್ಟಿಗೆ ಹೋಗಿ ತಲೆ ಅದ್ದಿದರು. "ಹಮೀದ, ನೀರು ಹೊಯ್ತಾ ಇರು, ನಿಲ್ಲಿಸಬೇಡ" ಎಂದರು. ಅರ್ಧ ಗಂಟೆ ಚೊಂಬಿನಲ್ಲಿ ಮೊಗೆದು ಹೊಯ್ದೆ. ಗಡಿಬಿಡಿಗೆ ಅರ್ಧ ನೀರು ಅವರ ಬೆನ್ನಿಗೇ ಬೀಳುತ್ತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣು ಉಳಿಯಿತು ಎಂದರು, ಆದರೆ ಎಡಗಣ್ಣು ಮುಂದೆ ಯಾವಾಗಲೂ ಒಸರುತ್ತಲೇ ಇತ್ತು. ಯಾರು ಕೇಳಿದರೂ "ಬ್ಯಾಟರಿ ಒಡೀತು" ಎಂದರೇ ಹೊರತು ನನ್ನ ಹೆಸರು ಎತ್ತಲಿಲ್ಲ. ವಾರದ ನಂತರ ನಾನೇ ಹೋಗಿ, "ಆಚಾರ್ರೆ, ತಪ್ಪು ನಂದು. ಸ್ವಿಚ್ ಆರಿಸಿರ್ಲಿಲ್ಲ" ಎಂದೆ.

"ಗೊತ್ತುಂಟು," ಎಂದರು. "ನೀನೇ ಬಂದು ಹೇಳ್ತೀಯಾ ಅಂತ ಕಾಯ್ತಿದ್ದೆ. ಹೇಳದೆ ಇದ್ದಿದ್ರೆ ಇವತ್ತು ಸಂಜೆ ಮನೆಗೆ ಕಳಿಸ್ತಿದ್ದೆ."

ಅವರ ಹತ್ತಿರ ಹನ್ನೊಂದು ವರ್ಷ ಇದ್ದೆ. ಆಮೇಲೆ ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೇ ಅಂಗಡಿ ಇಟ್ಟೆ.

ಲಾರಿ, ಟ್ರ್ಯಾಕ್ಟರ್, ಜೀಪುಗಳ ಕಾಲ ಹೋಗಿ ಇನ್ವರ್ಟರ್ ಕಾಲ ಬಂತು. ಶೃಂಗೇರಿಯ ಒಂದು ಲಾಡ್ಜಿನದು ಮಾತ್ರ ಹೇಳಲೇಬೇಕು. ಅಲ್ಲಿ ನಾನು ಕೂರಿಸಿದ ಬ್ಯಾಟರಿಗಳು ಒಂದೇ ವರ್ಷಕ್ಕೆ ಸತ್ತವು. ಹೊಸದು ಹಾಕಿದೆ, ಅದೂ ಹಾಗೇ ಆಯಿತು. ಮಾಲೀಕರು ನನ್ನನ್ನೇ ಅನುಮಾನದಿಂದ ನೋಡತೊಡಗಿದರು. ಚಾರ್ಜರ್ ಬದಲಿಸಿದೆ, ವೈರ್ ಬದಲಿಸಿದೆ, ತಲೆ ಕೆಟ್ಟುಹೋಯಿತು. ಕೊನೆಗೆ ಒಂದು ದಿನ ಬೆಳಗ್ಗೆ ಹೇಳದೆ ಹೋದೆ. ವಾಚ್‌ಮನ್ ಶೇಷಣ್ಣ ಸ್ನಾನ ಮಾಡಿ, ವಿಭೂತಿ ಧರಿಸಿ, ತಾಮ್ರದ ಕೊಡದಿಂದ ಬ್ಯಾಟರಿಗೆ ನೀರು ಹಾಕುತ್ತಿದ್ದರು.

"ಶೇಷಣ್ಣ, ಎಂತ ನೀರು ಅದು?"

"ತುಂಗೆದು. ಬೆಳಿಗ್ಗೆ ನಾನೇ ಹೋಗಿ ತರ್ತೇನೆ. ನೀವು ಶುದ್ಧ ನೀರೇ ಹಾಕ್ಬೇಕು ಅಂದಿದ್ರಲ್ಲ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೊಳೆಯ ನೀರಿನಲ್ಲಿ ಖನಿಜ ಇರುತ್ತದೆ, ಅದು ಪ್ಲೇಟಿಗೆ ವಿಷ ಎಂದು ಹೇಗೆ ಹೇಳುವುದು? ತುಂಗೆಯಲ್ಲಿ ವಿಷ ಎಂಬ ಮಾತು ಆ ಮನುಷ್ಯನ ಮುಂದೆ ಬಾಯಿಂದ ಬರುವಂಥದ್ದಲ್ಲ. "ಶೇಷಣ್ಣ, ಇಷ್ಟು ಒಳ್ಳೆ ನೀರು ಮನುಷ್ಯರಿಗೆ ಇರ್ಲಿ. ಬ್ಯಾಟರಿಗೆ ನಾನೇ ಬಾಟಲಿ ತಂದುಕೊಡ್ತೇನೆ" ಎಂದೆ. ಅವರಿಗೆ ಸಮಾಧಾನವಾಯಿತು. ತಪ್ಪು ಶೇಷಣ್ಣನದೂ ಅಲ್ಲ. "ಶುದ್ಧ ನೀರು" ಎಂದು ನಾನು ಹೇಳಿದ್ದೆ, ಯಾವುದು ಶುದ್ಧ ಎಂದು ಹೇಳಿರಲಿಲ್ಲ. ನಾವು ಆಡಿದ ಮಾತನ್ನು ಗಿರಾಕಿ ಹೇಗೆ ಕೇಳಿಸಿಕೊಂಡರು ಎಂಬುದೂ ನಮ್ಮ ಕೆಲಸದ ಭಾಗವೇ. ಆವತ್ತು ಇದನ್ನು ಕಲಿತೆ ಅಂದುಕೊಂಡಿದ್ದೆ. ಪೂರ್ತಿ ಕಲಿತಿರಲಿಲ್ಲ ಎಂಬುದು ದೋಣಿಯಲ್ಲಿ ಗೊತ್ತಾಯಿತು.

ಶೆಟ್ಟಿಕೊಪ್ಪದ ತೋಮಸ್ ಅವರು ಮೂವತ್ತು ವರ್ಷ ಹಡಗುಗಳಲ್ಲಿ ಕೆಲಸ ಮಾಡಿ ಊರಿಗೆ ಬಂದವರು. ಬಂದವರು ಸುಮ್ಮನೆ ಕೂರಲಿಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡೂವರೆ ವರ್ಷ ಕೂತು ಒಂದು ಹಾಯಿದೋಣಿ ಕಟ್ಟಿದರು. ಇಪ್ಪತ್ತೆರಡು ಅಡಿ ಉದ್ದ. ಒಳಗೆ ಇಬ್ಬರು ಮಲಗುವಷ್ಟು ಕೋಣೆ, ಮೇಲೆ ಬಿಳಿ ಹಾಯಿ. ಭದ್ರಾ ಹಿನ್ನೀರಿನಲ್ಲಿ ಅದನ್ನು ಇಳಿಸುವ ಅನುಮತಿಗೆ ಅವರು ಕಚೇರಿ ಅಲೆದದ್ದೇ ಇನ್ನೊಂದು ವರ್ಷ. ಹಿನ್ನೀರಿನ ದಡದಲ್ಲಿ ಅದು ಮೊದಲ ಸಲ ಹಾಯಿ ಬಿಚ್ಚಿದಾಗ ನರಸಿಂಹರಾಜಪುರದ ಅರ್ಧ ಸಂತೆ ಅಲ್ಲಿತ್ತು. ಅದಕ್ಕೆ ನಾನು ಲಾರಿಯ ಒಂದು ಬ್ಯಾಟರಿ ಕೂರಿಸಿಕೊಟ್ಟಿದ್ದೆ. ಎರಡು ಬಲ್ಬು, ಒಂದು ರೇಡಿಯೋ, ಪೆಟ್ರೋಲ್ ಎಂಜಿನ್ನಿನ ಸ್ಟಾರ್ಟರು. ಬೆಳಿಗ್ಗೆ ಹೋಗಿ ಸಂಜೆ ಬರಲು ಅಷ್ಟು ಸಾಕಿತ್ತು.

ಒಂದು ದಿನ ಅವರು ಹೆಂಡತಿ ಏಲಿಯಮ್ಮನವರನ್ನು ಕರೆದುಕೊಂಡು ಅಂಗಡಿಗೆ ಬಂದರು. ತೆಳ್ಳಗಿನ ಹೆಂಗಸು, ಎರಡು ಮೆಟ್ಟಿಲು ಹತ್ತಿ ಬಂದದ್ದಕ್ಕೇ ಏದುಸಿರು. ಶ್ವಾಸಕೋಶದ ಕಾಯಿಲೆ. ಮಲಗುವಾಗ, ಆಯಾಸವಾದಾಗ, ಗಾಳಿಯಿಂದ ಆಮ್ಲಜನಕ ಎಳೆದುಕೊಡುವ ಒಂದು ಸಣ್ಣ ಮೆಷಿನ್ನಿನ ನಳಿಕೆಯನ್ನು ಮೂಗಿಗೆ ಹಾಕಿಕೊಳ್ಳಬೇಕಾಗಿತ್ತು. ಅವರೇ ಮಾತು ತೆಗೆದರು.

"ಹಮೀದ್, ಮೂವತ್ತು ವರ್ಷ ಇವರು ನೀರಿನ ಮೇಲೆ, ನಾನು ದಡದ ಮೇಲೆ. ಈಗ ದೋಣಿ ಉಂಟು, ಇವರೂ ಇದ್ದಾರೆ. ಸಂಜೆ ಆಯ್ತು ಅಂತ ಪ್ರತಿ ಸಲ ವಾಪಸ್ ಬರೋದು ನಂಗೆ ಬೇಡ. ಹತ್ತು ದಿನ ನೀರಿನ ಮೇಲೇ ಇರ್ಬೇಕು. ಆಗ್ತದಾ?"

ತೋಮಸ್ ಅವರು ಹೇಳಿದರು, "ಡಾಕ್ಟರು ಒಪ್ಪಿದ್ದಾರೆ. ಒಂದೇ ಷರತ್ತು. ಮೆಷಿನ್ ನಿಲ್ಲಬಾರ್ದು. ಮತ್ತೆ ಪೆಟ್ರೋಲ್ ಹೊಗೆ ಇವಳಿಗೆ ಆಗೋದಿಲ್ಲ. ಎಂಜಿನ್ ತೆಗೆದು ಕರೆಂಟಿನ ಮೋಟರ್ ಹಾಕ್ಬೇಕು."

ಅಂಥ ಕೆಲಸ ನನಗೆ ಮೊದಲು ಯಾರೂ ಕೊಟ್ಟಿರಲಿಲ್ಲ. ಹುಮ್ಮಸ್ಸು ಬಂತು. ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದೆ. ಮೆಷಿನ್ ದಿನಕ್ಕೆ ಹತ್ತು ಗಂಟೆ, ಬಲ್ಬು, ಸಣ್ಣ ಫ್ರಿಜ್ಜು, ಗಾಳಿ ನಿಂತಾಗ ಒಂದು ಗಂಟೆ ಮೋಟರ್. ಸೀಸದ ಬ್ಯಾಟರಿ ಆದರೆ ನಾಲ್ಕು ಬೇಕು, ಆ ಭಾರಕ್ಕೆ ದೋಣಿಯ ಹಿಂಭಾಗ ನೀರಿಗೆ ಕೂರುತ್ತದೆ. ಉಳಿದ ದಾರಿ ಒಂದೇ, ಲಿಥಿಯಂ. ನಾನು ಅಷ್ಟರವರೆಗೆ ಲಿಥಿಯಂ ಎಂದರೆ ಮೊಬೈಲಿನ ಒಳಗಿರುವುದು ಎಂದು ದೂರವೇ ಇದ್ದವನು. ಸುಮಾ ಮೇಡಂ ಪರಿಚಯ ಆದದ್ದು ಆಗಲೇ. ಇಂಗ್ಲಿಷಿನ ಕೈಪಿಡಿ ಹಿಡಿದುಕೊಂಡು ಬಾಳಗಡಿಗೆ ಹೋದವನಿಗೆ ಅವರು ಒಂದು ಮಧ್ಯಾಹ್ನ ಕೂತು ಓದಿ ಹೇಳಿದರು. ಬ್ಯಾಟರಿಯ ಒಳಗೇ ಒಂದು ಕಾವಲು ಸರ್ಕ್ಯೂಟ್ ಇರುತ್ತದೆ, ಚಾರ್ಜು ತೀರಾ ಇಳಿದರೆ ಅದು ಬ್ಯಾಟರಿಯನ್ನು ಉಳಿಸಿಕೊಳ್ಳಲು ತಾನೇ ಸಂಪರ್ಕ ಕಡಿದುಕೊಳ್ಳುತ್ತದೆ ಎಂದರು. ತಲೆಯಾಡಿಸಿದೆ. ಅದರ ಅರ್ಥ ಏನೆಂದು ಯೋಚಿಸಲಿಲ್ಲ.

ಒಂದು ದೊಡ್ಡ ಲಿಥಿಯಂ ಬ್ಯಾಟರಿ, ಕೋಣೆಯ ಮಾಡಿಗೆ ಎರಡು ಸೋಲಾರ್ ಪ್ಯಾನೆಲ್, ಹಿಂದೆ ಮೋಟರ್. ಹಳೆಯ ಲಾರಿ ಬ್ಯಾಟರಿಯನ್ನು ಇನ್ನೇಕೆ ಎಂದು ನಾನೇ ಹೊತ್ತು ದಡಕ್ಕೆ ಇಳಿಸಿದೆ. ದೋಣಿ ಹಗುರಾಗಿ ನೀರಿನ ಮೇಲೆ ಎದ್ದು ನಿಂತಿತು. ಗೋಡೆಗೆ ಎಂದಿನಂತೆ ಒಂದು ವೋಲ್ಟ್ ಮೀಟರ್ ಕೂರಿಸಿ ತೋಮಸ್ ಅವರಿಗೆ ಹೇಳಿದೆ, "ಬಲ್ಬಿನ ಬೆಳಕು ಹಳದಿಗೆ ತಿರುಗ್ತಾ ಬಂದ್ರೆ ಮೋಟರ್ ನಿಲ್ಸಿ. ಅಷ್ಟು ನೋಡ್ಕೊಂಡ್ರೆ ಸಾಕು." ಅಷ್ಟು ವರ್ಷವೂ ಎಲ್ಲರಿಗೂ ಹೇಳಿಕೊಂಡು ಬಂದ ಮಾತು ಅದು.

ಹತ್ತು ದಿನಕ್ಕೆ ಮೊದಲು ಮೂರು ದಿನದ ಒಂದು ಪರೀಕ್ಷೆ ಮಾಡುವ ಎಂದಾಯಿತು. "ನೀವೂ ಬನ್ನಿ. ನಿಮ್ಮ ಕೆಲಸ ನೀವೇ ನೋಡಿ" ಎಂದು ಏಲಿಯಮ್ಮ ಕರೆದರು. ನನಗೆ ಈಜು ಬಾರದು. ನೀರಿನ ಪಕ್ಕದ ಊರಲ್ಲಿ ಬದುಕು ಕಳೆದರೂ ಒಂದು ದಿನ ದೋಣಿ ಹತ್ತಿದವನಲ್ಲ. ಹೇಳಲು ನಾಚಿಕೆಯಾಗಿ ಹೋದೆ.

ಮೊದಲ ಎರಡು ದಿನವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಹಾಯಿಗೆ ಗಾಳಿ ತುಂಬಿದಾಗ ದೋಣಿ ಸದ್ದೇ ಇಲ್ಲದೆ ಓಡುತ್ತದೆ. ಅಷ್ಟು ವರ್ಷ ಚಾರ್ಜರಿನ ಗುಂಯ್ ಸದ್ದಿನಲ್ಲೇ ಇದ್ದ ಕಿವಿಗೆ ಅದು ಹೊಸದು. ನೀರಿಳಿದ ಕಡೆ ಹಳೆಯ ಮರಗಳ ಒಣ ಬೊಡ್ಡೆಗಳು ಎದ್ದು ನಿಂತಿದ್ದವು, ಮಣ್ಣಿನ ದಿಬ್ಬಗಳ ಮೇಲೆ ರೀವ ಎಂಬ ನೀರುಹಕ್ಕಿಗಳು ಸಾವಿರಗಟ್ಟಲೆ. ಏಲಿಯಮ್ಮ ನಳಿಕೆ ಹಾಕಿಕೊಂಡು ಮುಂದಿನ ಹಲಗೆಯಲ್ಲಿ ಕೂತು ಗಂಡನಿಗೆ ಪ್ರಶ್ನೆಯ ಮೇಲೆ ಪ್ರಶ್ನೆ. ಈ ಹಗ್ಗ ಯಾಕೆ, ಆ ಗಂಟು ಯಾವುದು. ಮೂವತ್ತು ವರ್ಷದ ಕಾಗದಗಳಲ್ಲಿ ಬರೆಯದೆ ಬಿಟ್ಟದ್ದನ್ನೆಲ್ಲ ಆ ಮನುಷ್ಯ ಹೇಳುತ್ತ ಹೋದರು. ನಾನು ಹಿಂದೆ ಕೂತು ಮೀನು ಸಾರು ಕಲಕುತ್ತ ಕೇಳಿಸದವನ ಹಾಗೆ ಇದ್ದೆ.

ಮೂರನೆಯ ದಿನ ಬೆಳಗಿನಿಂದಲೇ ಮೋಡ. ಗಾಳಿ ಮೊದಲು ಎದುರಿಗೆ ಬಂತು, ಆಮೇಲೆ ಪೂರ್ತಿ ನಿಂತಿತು. ಮೋಟರ್ ಹಾಕಿದೆವು. ಒಂದು ಗಂಟೆ ಎಂದು ಲೆಕ್ಕ ಹಾಕಿದ್ದದ್ದು ಮೂರು ಗಂಟೆಯ ಮೇಲಾಯಿತು. ನಾನು ಆಗಾಗ ಬಲ್ಬು ಹಾಕಿ ನೋಡುತ್ತಿದ್ದೆ. ಹಾಲಿನಂಥ ಬೆಳಕು. ಮೀಟರಿನ ಮುಳ್ಳು ನಿಂತಲ್ಲೇ ಇತ್ತು. "ಎಂಥ ಬ್ಯಾಟರಿ ಮಾರಾಯ್ರೆ, ದಣಿಯೋದೇ ಇಲ್ಲ!" ಎಂದು ಹೊಗಳಿದೆ.

ಮಧ್ಯಾಹ್ನ ಮೂರರ ಹೊತ್ತಿಗೆ, ಮರದ ಬೊಡ್ಡೆಗಳ ನಡುವಿನ ಒಂದು ಕಾಲುವೆಯಲ್ಲಿ, ಎಲ್ಲವೂ ಒಟ್ಟಿಗೆ ನಿಂತಿತು. ಮೋಟರ್ ನಿಂತಿತು, ಫ್ರಿಜ್ಜು ನಿಂತಿತು, ಮೀಟರಿನ ಮುಳ್ಳು ಸೊನ್ನೆಗೆ ಬಿತ್ತು. ಕೋಣೆಯೊಳಗೆ ಏಲಿಯಮ್ಮನವರ ಮೆಷಿನ್ ಪೀಪ್ ಪೀಪ್ ಎಂದು ತನ್ನೊಳಗಿನ ಸಣ್ಣ ಬ್ಯಾಟರಿಗೆ ಬದಲಾಯಿತು. ಅದು ಹೆಚ್ಚೆಂದರೆ ಒಂದು ಗಂಟೆ. ರಸ್ತೆ ಇರುವ ದಡಕ್ಕೆ ಹುಟ್ಟು ಹಾಕಿಕೊಂಡು ಹೋದರೆ ಎರಡು ಗಂಟೆಯ ಮೇಲೆ. ಫೋನಿಗೆ ಸಿಗ್ನಲ್ ಇಲ್ಲ.

ಸುಮಾ ಮೇಡಂ ಓದಿ ಹೇಳಿದ್ದು ಆಗ ತಲೆಗೆ ಇಳಿಯಿತು. ಸೀಸದ ಬ್ಯಾಟರಿ ನಿಧಾನ ಸೋಲುತ್ತದೆ, ಬೆಳಕು ಮಂಕಾಗಿ ನಮಗೆ ಹೇಳುತ್ತದೆ. ಇದು ಹಾಗಲ್ಲ. ಕೊನೆಯವರೆಗೂ ಒಂದೇ ಬೆಳಕು, ಆಮೇಲೆ ಒಂದೇ ಸಲ ಕತ್ತಲೆ. ಬೆಳಕು ಹಳದಿಯಾಗುವುದನ್ನು ಕಾಯಿರಿ ಎಂದು ಹೇಳಿದವನು ನಾನು. ಉಸಿರಿನ ಮೆಷಿನ್ನನ್ನೂ ಮೋಟರನ್ನೂ ಒಂದೇ ಬ್ಯಾಟರಿಗೆ ಕಟ್ಟಿದವನೂ ನಾನು. ಕಡಿದುಕೊಂಡ ಬ್ಯಾಟರಿಯನ್ನು ಎಬ್ಬಿಸಲು ಹೊರಗಿನಿಂದ ಸ್ವಲ್ಪ ಕರೆಂಟ್ ಮುಟ್ಟಿಸಬೇಕು. ಸೋಲಾರ್ ಕಂಟ್ರೋಲರೂ ಬ್ಯಾಟರಿ ಇಲ್ಲದೆ ಎದ್ದೇಳುವುದಿಲ್ಲ. ಆ ಕೆಲಸಕ್ಕೆ ಆಗುತ್ತಿದ್ದ ಲಾರಿ ಬ್ಯಾಟರಿ ದಡದ ಮೇಲಿತ್ತು.

ಬ್ಯಾಟರಿ ಪರೀಕ್ಷಿಸುತ್ತಿದ್ದ ನನ್ನ ಕೈಮೀಟರನ್ನು ಕೆಳಗಿಟ್ಟೆ. "ತಪ್ಪು ನಂದು ಅಮ್ಮ," ಎಂದೆ.

ಏಲಿಯಮ್ಮ ನನ್ನನ್ನೇ ನೋಡಿದರು. "ತಪ್ಪು ಯಾರ್ದು ಅಂತ ಆಮೇಲೆ ನೋಡುವ. ಈಗ ಎಂತ ಮಾಡ್ಬೇಕು, ಅದು ಹೇಳಿ."

"ನೀವು ಮಾತಾಡದೆ ಒರಗಿ ಕೂತ್ಕೊಳ್ಳಿ. ಮೆಷಿನ್ ಕಡಿಮೆಗೆ ಇಡುವ."

ತೋಮಸ್ ಅವರು ಹುಟ್ಟು ತೆಗೆದುಕೊಂಡು ಹಾಕತೊಡಗಿದರು. ಅರವತ್ತೆಂಟು ವರ್ಷದ ಮನುಷ್ಯ. ಅವರ ತುಟಿ ಮಾತ್ರ ಅಲುಗಾಡುತ್ತಿತ್ತು, ಪ್ರಾರ್ಥನೆ ಇರಬೇಕು. ನಾನು ಮೋಟರಿನ ವೈರನ್ನು ಪೂರ್ತಿ ಬಿಚ್ಚಿದೆ, ಫ್ರಿಜ್ಜು, ಬಲ್ಬು ಎಲ್ಲ ಬಿಚ್ಚಿದೆ. ಬ್ಯಾಟರಿ ಎದ್ದರೆ ಅದರ ತಳದಲ್ಲಿ ಉಳಿದದ್ದು ಮೆಷಿನ್ ಒಂದಕ್ಕೇ ಹೋಗಬೇಕು. ಎಬ್ಬಿಸುವುದು ಹೇಗೆ?

ಅರ್ಧ ಗಂಟೆ ಕಳೆದಿರಬೇಕು. ದೂರದಲ್ಲಿ ಒಂದು ಹರಿಗೋಲು ಕಂಡಿತು. ತೋಮಸ್ ಅವರು ಹಡಗಿನ ಗಂಟಲಿನಲ್ಲಿ ಕೂಗಿದರು. ಬಲೆ ಹಾಕಲು ಹೊರಟ ಮೀನುಗಾರ, ಕುಮಾರ ಎಂದು ಹೆಸರು. ಹತ್ತಿರ ಬಂದದ್ದೇ ಅವನ ಹಣೆಗೆ ಕಟ್ಟಿದ ದೀಪ ನೋಡಿದೆ. ದೀಪದಿಂದ ವೈರು ಇಳಿದು ಸೊಂಟದ ಚೀಲಕ್ಕೆ ಹೋಗಿತ್ತು.

"ಕುಮಾರ, ಆ ಚೀಲದಲ್ಲಿ ಎಂತ ಬ್ಯಾಟರಿ?"

"ಸಣ್ಣದು. ಹನ್ನೆರಡು ವೋಲ್ಟಿಂದು. ಎಂತಕೆ?"

"ಕೊಡು ಮಾರಾಯ! ಬೇಗ ಕೊಡು!"

ಅಂಗೈಯಗಲದ ಸೀಸದ ಬ್ಯಾಟರಿ. ಅದರಿಂದ ಎರಡು ವೈರ್ ಎಳೆದು ಲಿಥಿಯಂ ಬ್ಯಾಟರಿಯ ತಲೆಗೆ ಮುಟ್ಟಿಸಿದೆ. ಏನೂ ಆಗಲಿಲ್ಲ. ಮತ್ತೆ ಮುಟ್ಟಿಸಿ ಹಿಡಿದೆ, ಮನಸ್ಸಿನಲ್ಲೇ ಹತ್ತು ಎಣಿಸಿದೆ. ಒಳಗೆಲ್ಲೋ ಟಕ್ ಎಂದಿತು. ಗೋಡೆಯ ಮೀಟರಿನ ಮುಳ್ಳು ಎದ್ದಿತು, ಸೋಲಾರೂ ಎದ್ದು ಮೋಡದ ಬೆಳಕಿನಲ್ಲೇ ಸ್ವಲ್ಪ ಸ್ವಲ್ಪ ತುಂಬತೊಡಗಿತು. ಮೆಷಿನ್ನಿನ ಪೀಪ್ ಸದ್ದು ನಿಂತಿತು, ಅದರ ಮುಖದಲ್ಲಿ ಹಸಿರು ದೀಪ ಹತ್ತಿತು. ಅದರೊಳಗಿನ ಸಣ್ಣ ಬ್ಯಾಟರಿಯಲ್ಲಿ ಆಗ ಉಳಿದಿದ್ದದ್ದು ಒಂದೇ ಗೆರೆಯಷ್ಟು ಚಾರ್ಜು.

ಕುಮಾರ ಹರಿಗೋಲನ್ನು ಹಿಂದಕ್ಕೆ ಕಟ್ಟಿ ಎರಡನೆಯ ಹುಟ್ಟು ಹಿಡಿದ. ಅವನ ಬ್ಯಾಟರಿಯನ್ನು ತೆಗೆಯಲು ನನಗೆ ಧೈರ್ಯ ಬರಲಿಲ್ಲ, ಹಾಗೇ ಕಟ್ಟಿಟ್ಟೆ. ಉಳಿದ ದಾರಿಯುದ್ದಕ್ಕೂ ಆ ಹಸಿರು ದೀಪದ ಮುಂದೆಯೇ ಕೂತಿದ್ದೆ. ಏಲಿಯಮ್ಮನವರ ತುಟಿ ಸ್ವಲ್ಪ ನೀಲಿಗೆ ತಿರುಗಿದ್ದದ್ದು ನಿಧಾನವಾಗಿ ಬಣ್ಣಕ್ಕೆ ಬಂತು. ದಡ ಮುಟ್ಟಿದಾಗ ತೋಮಸ್ ಅವರ ಎರಡೂ ಅಂಗೈ ಸುಲಿದಿತ್ತು. ಅವರು ಮರಳಿನ ಮೇಲೆ ಕೂತು ಆಗ ಅತ್ತರು.

ಇನ್ನು ಈ ದೋಣಿಯ ಮಾತು ಮುಗಿಯಿತು, ನನ್ನ ಮುಖ ಇವರು ನೋಡುವುದಿಲ್ಲ ಎಂದುಕೊಂಡಿದ್ದೆ. ಹೊಸ ಗಿರಾಕಿಗೆ ಕೊಡುವ ಹಾಗೆ ಕುಮಾರನ ಬ್ಯಾಟರಿಯನ್ನು ಒರೆಸಿ ಕೊಡುತ್ತಿದ್ದಾಗ ಏಲಿಯಮ್ಮ ಹತ್ತಿರ ಕರೆದರು.

"ಹಮೀದ್, ಎಲ್ಲಿ ತಪ್ಪಿದ್ದು ಅಂತ ಗೊತ್ತಾಯ್ತಾ?"

"ಗೊತ್ತಾಯ್ತಮ್ಮ. ಪೂರ್ತಿ ಗೊತ್ತಾಯ್ತು."

"ಹಾಗಾದ್ರೆ ಸರಿ ಮಾಡಿ. ಮಳೆ ಹಿಡಿಯೋ ಮೊದಲು ನಂಗೆ ಹೋಗ್ಬೇಕು."

ತೋಮಸ್ ಅವರು "ಏಲಿ, ಸಾಕು" ಎಂದರು. ಏಲಿಯಮ್ಮ ಗಂಡನ ಕಡೆ ತಿರುಗಿಯೂ ನೋಡಲಿಲ್ಲ. "ನೀವು ಮೂವತ್ತು ವರ್ಷ ಹೋಗುವಾಗ ನಾನು ಒಂದು ಸಲ ಸಾಕು ಅಂದಿದ್ದೇನಾ?"

ಮುಂದಿನ ಆರು ವಾರ ಅಂಗಡಿಯ ಬೇರೆ ಕೆಲಸ ಹಿಡಿಯಲಿಲ್ಲ. ಸುಮಾ ಮೇಡಂ ಮುಂದೆ ಹೋಗಿ ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಈ ಸಲ ಕೈಪಿಡಿಯ ಒಂದು ಸಾಲು ಓದಿದಾಗಲೂ "ಹಾಗಂದ್ರೆ ಏನಾಗ್ತದೆ?" ಎಂದು ಕೇಳಿ, ಉತ್ತರ ಬರೆದುಕೊಂಡೆ. ಎರಡು ಬ್ಯಾಟರಿ ಮಾಡಿದೆ. ಒಂದು ಮೋಟರಿಗೆ, ಇನ್ನೊಂದು ಮೆಷಿನ್ನಿಗೆ ಮತ್ತು ಬೆಳಕಿಗೆ. ಮೋಟರ್ ಎಷ್ಟು ಕುಡಿದರೂ ಉಸಿರಿನ ಬ್ಯಾಟರಿಯನ್ನು ಮುಟ್ಟುವಂತಿಲ್ಲ. ಬೇಕಾದರೆ ಮೋಟರಿನದನ್ನು ಮೆಷಿನ್ನಿಗೆ ಕೊಡಬಹುದು. ವೋಲ್ಟ್ ನೋಡುವ ಮುಳ್ಳು ತೆಗೆದು, ಒಳಗೆ ಹೋದದ್ದು ಹೊರಗೆ ಬಂದದ್ದು ಎಣಿಸಿ ಎಷ್ಟು ಪಾಲು ಉಳಿದಿದೆ ಎಂದು ತೋರಿಸುವ ಮೀಟರ್ ಹಾಕಿದೆ. ಮೂರರಲ್ಲಿ ಒಂದು ಪಾಲಿಗೆ ಇಳಿದರೆ ಕಿವಿ ಹರಿಯುವಂತೆ ಕೂಗುವ ಒಂದು ಸೈರನ್. ಮೂಲೆಯಲ್ಲಿ ಒಂದು ಪುಟ್ಟ ಸೀಸದ ಬ್ಯಾಟರಿ, ಎಬ್ಬಿಸುವುದಕ್ಕೆ. ಯಾವಾಗ ಏನು ಮಾಡಬೇಕೆಂದು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ, ಇಬ್ಬರಿಂದಲೂ ಓದಿಸಿ, ನನ್ನ ಮುಂದೆಯೇ ಬ್ಯಾಟರಿಯನ್ನು ಕಡಿದು ಮತ್ತೆ ಎಬ್ಬಿಸುವುದನ್ನು ನಾಲ್ಕು ಸಲ ಮಾಡಿಸಿದೆ. ಏಲಿಯಮ್ಮ ಗಂಡನಿಗಿಂತ ಬೇಗ ಕಲಿತರು.

ಮಳೆ ಹಿಡಿಯುವ ಮೊದಲು ಅವರು ಹೊರಟರು. ಹತ್ತು ದಿನ ಎಂದು ಹೋದವರು ಹನ್ನೆರಡು ದಿನ ಆದರೂ ಬರಲಿಲ್ಲ. ಹನ್ನೊಂದನೆಯ ದಿನದಿಂದ ನಾನು ಅಂಗಡಿಗೆ ಬಾಗಿಲು ಹಾಕಿ ದಡದಲ್ಲೇ ಕೂತಿದ್ದೆ. ಹದಿಮೂರನೆಯ ದಿನ ಬೆಳಿಗ್ಗೆ ಬಿಳಿ ಹಾಯಿ ಕಂಡಿತು. ಏಲಿಯಮ್ಮನವರ ಮುಖ ಬಿಸಿಲಿಗೆ ಕಪ್ಪಾಗಿತ್ತು. ಮೆಷಿನ್ ಒಂದು ಕ್ಷಣ ನಿಂತಿರಲಿಲ್ಲ. ನನ್ನನ್ನು ಕಂಡವರೇ ನಕ್ಕರು.

"ನಿಮ್ಮ ಸೈರನ್ ಎರಡು ಸಲ ಕೂಗ್ತು ಹಮೀದ್. ದಿಬ್ಬದ ಹಕ್ಕಿ ಎಲ್ಲ ಎದ್ದು ನಮ್ಮನ್ನು ಬೈದು ಹೋದ್ವು."

"ಆಮೇಲೆ?"

"ಆಮೇಲೆ ಎಂತ? ನಿಮ್ಮ ಕಾಗದ ನೋಡಿ ಮೋಟರ್ ಆಫ್ ಮಾಡಿದೆ. ಇವರು ಗಾಳಿ ಬರ್ಲಿ ಅಂತ ಕಾದ್ರು. ನಾವು ಎಲ್ಲಿಗೂ ಅವಸರದಲ್ಲಿ ಹೋಗ್ಬೇಕಾಗಿರ್ಲಿಲ್ಲವಲ್ಲ."

ಹಾಗೆ ಅವರು ಮೂರು ಬೇಸಿಗೆ ಹೋದರು. ನಾಲ್ಕನೆಯದಕ್ಕೆ ಏಲಿಯಮ್ಮ ಇರಲಿಲ್ಲ. ಮನೆಯಲ್ಲಿ, ಗಂಡನ ಪಕ್ಕದಲ್ಲಿ, ಬೆಳಗಿನ ಹೊತ್ತು ತೀರಿಕೊಂಡರು.

ನಾನು ಅಂಗಡಿ ಮುಚ್ಚುವುದೆಂದು ನಿಶ್ಚಯಿಸಿದ್ದ ತಿಂಗಳು ತೋಮಸ್ ಅವರು ಬಂದರು. "ಹಮೀದ್, ಅವಳ ಬ್ಯಾಟರಿ ಇನ್ನು ಎಷ್ಟು ವರ್ಷ ಬರ್ತದೆ?" ಎಂದು ಕೇಳಿದರು. ಮೆಷಿನ್ನಿಗೆಂದು ಇಟ್ಟ ಆ ಬ್ಯಾಟರಿಯನ್ನು ಅವರು ದೋಣಿಯ ಬ್ಯಾಟರಿ ಎಂದು ಕರೆದದ್ದು ನಾನು ಕೇಳಿಲ್ಲ.

"ಚೆನ್ನಾಗಿ ಉಂಟು. ಇನ್ನೂ ಹತ್ತು ವರ್ಷ ಬರ್ತದೆ."

"ದೋಣಿಗೆ ಮೋಟರಿಂದು ಒಂದು ಸಾಕು. ಇದು ಸುಮ್ನೆ ಕೂರಬಾರ್ದು. ಇದೇ ಕೆಲಸಕ್ಕೆ ಬೇಕಾದವ್ರು ಯಾರಾದ್ರೂ ಇದ್ರೆ ಹೇಳಿ."

ಇದ್ದರು. ಕೊಪ್ಪದ ಆಚೆ ಒಂದು ಎಸ್ಟೇಟಿನಲ್ಲಿ, ಕೂಲಿಯವರು ಸಾಲಾಗಿ ಇರುವ ಲೈನ್ ಮನೆಯಲ್ಲಿ ಗಿರಿಜಮ್ಮ ಎಂಬವರು. ಕೂಲಿ ಕೆಲಸದಲ್ಲಿ ಬದುಕು ಸವೆಸಿದವರು, ಅದೇ ಕಾಯಿಲೆ. ಆಸ್ಪತ್ರೆಯಿಂದ ಮೆಷಿನ್ ಸಿಕ್ಕಿತ್ತು. ಆದರೆ ಆ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳುವ ಹಾಗಿಲ್ಲ. ಹೋದಾಗಲೆಲ್ಲ ಮಗಳು ಕೆಲಸ ಬಿಟ್ಟು ಓಡಿ ಬಂದು ಬೆನ್ನು ತಿಕ್ಕುತ್ತ ಕೂರಬೇಕಾಗಿತ್ತು.

ನನ್ನ ಕೊನೆಯ ಕೆಲಸ ಅದೇ. ತೋಮಸ್ ಅವರು ಬ್ಯಾಟರಿಯನ್ನು ಯಾರಿಗೂ ಮುಟ್ಟಗೊಡದೆ ತಾವೇ ಎತ್ತಿಕೊಂಡು ಲೈನ್ ಮನೆಯ ಮೆಟ್ಟಿಲು ಹತ್ತಿದರು. ಮಾಡಿಗೆ ಪ್ಯಾನೆಲ್, ಮೂಲೆಯಲ್ಲಿ ಬ್ಯಾಟರಿ, ಗೋಡೆಗೆ ಮೀಟರ್. ಮಗಳಿಗೆ ಎಲ್ಲ ತೋರಿಸಿ, ಅವಳಿಂದ ಮಾಡಿಸಿ ನೋಡಿ, ಸಾಮಾನು ಚೀಲಕ್ಕೆ ತುಂಬುತ್ತಿದ್ದೆ. ಗಿರಿಜಮ್ಮ ನಳಿಕೆ ಹಾಕಿಕೊಂಡು, ತಾವು ಕಾಳುಮೆಣಸು ಕೊಯ್ಯುತ್ತಿದ್ದ ಕಾಲದ ಯಾವುದೋ ಕಥೆಯನ್ನು ತೋಮಸ್ ಅವರಿಗೆ ಹೇಳುತ್ತಿದ್ದರು.

ಅಷ್ಟರಲ್ಲಿ ಕರೆಂಟ್ ಹೋಯಿತು. ಪಕ್ಕದ ಮನೆಯ ಟಿವಿ ನಿಂತಿತು, ಯಾರದೋ ಮಿಕ್ಸಿ ನಿಂತಿತು, ಸಾಲಿನುದ್ದಕ್ಕೂ "ಓ, ಹೋಯ್ತು" ಎಂಬ ಕೂಗು. ಈ ಮನೆಯಲ್ಲಿ ಮೆಷಿನ್ ಹಾಗೆಯೇ ಉಸಿರಾಡುತ್ತಿತ್ತು. ಗಿರಿಜಮ್ಮನಿಗೆ ಕರೆಂಟ್ ಹೋದದ್ದು ಗೊತ್ತೂ ಆಗಲಿಲ್ಲ, ಕಥೆ ನಿಲ್ಲಿಸಲಿಲ್ಲ. ತೋಮಸ್ ಅವರು ಕಥೆ ಕೇಳುತ್ತಿರಲಿಲ್ಲ. ತಲೆ ಒಂದು ಕಡೆ ವಾಲಿಸಿ ಮೆಷಿನ್ನಿನ ಸದ್ದು ಕೇಳುತ್ತಿದ್ದರು.

"ಹೊರಡುವಾ?" ಎಂದು ಮೆಲ್ಲಗೆ ಕೇಳಿದೆ.

"ಕರೆಂಟ್ ಬರೋವರೆಗೆ ಕೂತಿರ್ತೇನೆ. ನೀವು ಬೇಕಾದ್ರೆ ಹೋಗಿ ಹಮೀದ್."

ನಾನು ಚೀಲ ಕೆಳಗಿಟ್ಟು ಅವರ ಪಕ್ಕ ಕೂತೆ. ಮಗಳು ಕಾಫಿ ತಂದಿಟ್ಟು, ತಾಯಿಯ ಕಡೆ ಒಮ್ಮೆ ನೋಡಿ, ತೋಟದ ಕೆಲಸಕ್ಕೆ ಹೊರಟಳು. ಆ ದಿನ ಕರೆಂಟ್ ಬಂದದ್ದು ಸಂಜೆ ಐದು ಗಂಟೆಗೆ. ಅಲ್ಲಿಯವರೆಗೆ ನಾವಿಬ್ಬರೂ ಏಳಲಿಲ್ಲ.